ಒಡಲಿಗೆ ಒಗ್ಗದ ನೆತ್ತರು

ಕುರುಗೋಡಿನ ಮರಿಬಸಪ್ಪನಿಗೆ ಇಬ್ಬರೇ ಹೆಣ್ಣುಮಕ್ಕಳು. ಚಿಕ್ಕವಳು ವೀರಭದ್ರಮ್ಮ ಇನ್ನೂ ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಿದ್ದರಿಂದ, ಅವಳಿಗೆ ಉಣಿಸಿ, ತಲೆ ಬಾಚಿ, ಹೆಗಲ ಮೇಲೆ ಹೊತ್ತು ಬೆಳೆಸಿದವಳು ಹಿರಿಯವಳು ಚನ್ನವೀರಮ್ಮ. ಅರವತ್ತಾರರಲ್ಲಿ ಸಿರುಗುಪ್ಪದ ಕೊಟ್ರಬಸಪ್ಪನ ಜೊತೆ ಚನ್ನವೀರಮ್ಮನ ಮದುವೆಯಾಯಿತು. ಹೊರಡುವ ದಿನ ತಂಗಿ ಬಂಡಿಯ ಗಾಲಿ ಹಿಡಿದು ಬಿಡಲಿಲ್ಲ. ಅಜ್ಜಿ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕೊಟ್ರಬಸಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ. ಗಿರಣಿಗೆ ಅಂಟಿಕೊಂಡೇ ಮನೆ. ಪಟ್ಟಾ ತಿರುಗಲು ಶುರುವಾಯಿತೆಂದರೆ ಅಡುಗೆಮನೆಯ ಗೋಡೆ ಅದುರಿ, ಗೂಡಿನಲ್ಲಿಟ್ಟ ಲೋಟಗಳು ಕಟಕಟ ಎನ್ನುತ್ತಿದ್ದವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕೊಟ್ರಬಸಪ್ಪ ಏನು ಹೇಳಿದರೂ ಕೂಗಿ ಹೇಳುತ್ತಿದ್ದ. ಆದರೆ ತಾಯಿ ಗುರುಬಸಮ್ಮನ ಎದುರು ಮಾತ್ರ ಅವನ ದನಿ ಏಳುತ್ತಿರಲಿಲ್ಲ. ಕೆಟ್ಟವನಲ್ಲ. ಹೆಂಡತಿ ಜ್ವರ ಬಂದು ಮಲಗಿದರೆ ಗಿರಣಿ ನಿಲ್ಲಿಸಿ ಬಂದು ಹಣೆ ಮುಟ್ಟಿ ನೋಡುವಷ್ಟು ಅಂತಃಕರಣ ಅವನಲ್ಲಿತ್ತು. ತಾಯಿ ಕರೆದರೆ ಆ ಕೈ ತೆಗೆದು ಎದ್ದು ಹೋಗುತ್ತಿದ್ದ, ಅಷ್ಟೇ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಯಿತು. ಸೂಲಗಿತ್ತಿ ಯಂಕಮ್ಮ ಕೂಸನ್ನು ಎತ್ತಿ ಹಿಡಿದು, "ಹೆಣ್ಣಾದ್ರೂ ಕಲ್ಲುಗುಂಡಿನಂಗ ಐತಿ ನೋಡಬೇ, ಹೆಂಗ ಒದರತೈತಿ!" ಎಂದು ನಕ್ಕಳು. ಕೊಟ್ರಬಸಪ್ಪನ ಸತ್ತ ಅಜ್ಜಿಯ ಹೆಸರನ್ನೇ ಕೂಸಿಗಿಟ್ಟರು, ಈರಮ್ಮ ಎಂದು. ಮೊದಲನೆಯದು ಹೆಣ್ಣಾದರೆ ಮನೆಗೆ ಲಕ್ಷ್ಮಿ ಎಂದು ಗುರುಬಸಮ್ಮನೂ ಸಂತೋಷದಿಂದಲೇ ತೊಟ್ಟಿಲು ತೂಗಿದಳು.

ಎರಡನೆಯದು ಗಂಡು. ಸಿರುಗುಪ್ಪದಲ್ಲೇ ಹುಟ್ಟಿತು. ಗುರುಬಸಮ್ಮ ಓಣಿಗೆಲ್ಲ ಬೆಲ್ಲ ಹಂಚಿ ಬಂದಳು. ಮರುದಿನ ಕೂಸನ್ನು ಎರೆದು ಬಿಸಿಲಿಗೆ ತಂದಾಗ ಅದರ ಕಣ್ಣಿನ ಬಿಳಿ ಹಳದಿಯಾಗಿರುವುದು ಚನ್ನವೀರಮ್ಮನಿಗೆ ಕಂಡಿತು.

"ಅತ್ತಿ, ಕಣ್ಣು ನೋಡ್ರಿ."

"ಅರಿಷಿಣ ಹಚ್ಚಿ ಎರದೈತಿ, ಹಂಗ ಕಾಣತೈತಿ. ಸುಮ್ಕಿರು."

ಸಂಜೆಯ ಹೊತ್ತಿಗೆ ಅಂಗಾಲು ಕೂಡ ಅರಿಷಿಣದಂತಾಯಿತು. ಕಾಮಣಿಗೆ ಔಷಧ ಹಾಕುವವನೊಬ್ಬನನ್ನು ಹೊಳೆದಂಡೆಯ ಹಳ್ಳಿಯಿಂದ ಕರೆಸಿದರು. ಅವನು ಯಾವುದೋ ಸೊಪ್ಪಿನ ರಸ ಹಿಂಡಿ ಮೂಗಿಗೆ ಬಿಟ್ಟ. ಕೂಸು ಮೊಲೆ ಬಿಟ್ಟಿತು. ಆಮೇಲೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಹಕ್ಕಿಯ ಹಾಗೆ ಕೀರಲು ದನಿಯಲ್ಲಿ ಅಳತೊಡಗಿತು. ಆ ಅಳುವನ್ನು ಗಿರಣಿಯ ಸದ್ದೂ ಮುಚ್ಚಲಿಲ್ಲ. ವಾರ ತುಂಬುವುದರೊಳಗೆ ಅಳು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಗುರುಬಸಮ್ಮ ಪುಟ್ಟ ಈರಮ್ಮನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಅಂಗಿ ಮೇಲೆತ್ತಿ, ಬೆನ್ನಿನ ನಯವಾದ ಕೂದಲನ್ನು ಬೆಳಕಿಗೆ ಹಿಡಿದು ನೋಡಿದಳು.

"ಏನ್ ನೋಡಾಕತ್ತೀರಿ ಅತ್ತಿ?"

"ಸುಳಿ ಐತೇನಂತ. ಬೆನ್ನ ಮ್ಯಾಗ ಸುಳಿ ಇದ್ದ ಹುಡುಗಿ ಬೆನ್ನಿಗೆ ಬಂದವರನ್ನ ಉಳಿಸಂಗಿಲ್ಲ."

ಚನ್ನವೀರಮ್ಮ ಮಗಳನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಒಳಗೆ ಹೋದಳು. ಅತ್ತೆಯ ಎದುರು ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಮೂರನೆಯ ಬಸುರಿಗೆ ಹರಕೆ, ತಾಯತ ಯಾವುದೂ ಕಡಿಮೆಯಾಗಲಿಲ್ಲ. ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರು ಬಂದು ಹೊಟ್ಟೆಯಲ್ಲಿದ್ದ ಕೂಸಿನ ಹೆಸರಿನಲ್ಲಿ ಲಿಂಗ ಕಟ್ಟಿದರು. ಚನ್ನವೀರಮ್ಮ ತನ್ನ ಲಿಂಗದ ಜೊತೆಗೆ ಆ ಸಣ್ಣ ಲಿಂಗವನ್ನೂ ಧರಿಸಿ ಓಡಾಡಿದಳು. ಕೆಲವು ದಿನ ಕಳೆದ ಮೇಲೆ ಒಳಗಿನ ಮಿಸುಕಾಟ ನಿಂತುಹೋಯಿತು. ಹುಟ್ಟಿದ ಕೂಸು ನೀರಿನಲ್ಲಿ ನೆನೆದಂತೆ ಊದಿಕೊಂಡಿತ್ತು. ತಾಯಿಗೆ ತೋರಿಸಬಾರದೆಂದು ಸೂಲಗಿತ್ತಿ ಬಟ್ಟೆ ಮುಚ್ಚಿದಳಾದರೂ ಮುಚ್ಚುವ ಮೊದಲೇ ಚನ್ನವೀರಮ್ಮ ನೋಡಿಯಾಗಿತ್ತು. ಸಣ್ಣ ಲಿಂಗವನ್ನು ಅವಳೇ ಬಿಚ್ಚಿ ಕೊಟ್ಟಳು. ಅದರ ಒಡೆಯನ ಜೊತೆ ಅದೂ ಮಣ್ಣಿಗೆ ಹೋಯಿತು.

ನಾಲ್ಕನೆಯ ಬಾರಿ ಬಸುರು ನಿಂತಾಗ ಕೊಟ್ರಬಸಪ್ಪನೇ ಬಳ್ಳಾರಿಗೆ ಹೋಗೋಣವೆಂದ. ಗಾಂಧಿನಗರದಲ್ಲಿ ಒಬ್ಬ ಲೇಡಿ ಡಾಕ್ಟರು ನರ್ಸಿಂಗ್ ಹೋಂ ಇಟ್ಟಿದ್ದರು. ಗುಂಟೂರಿನ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಅವರು ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದುಕೊಂಡು ಮುಂದಿನ ವಾರ ಬರಲು ಹೇಳಿದರು.

ಮುಂದಿನ ವಾರ ಕೊಟ್ರಬಸಪ್ಪ ಹೆಂಡತಿಯನ್ನು ಬೆಂಚಿನ ಮೇಲೆ ಕೂಡಿಸಿ, ಗಿರಣಿಗೆ ಹೊಸ ಪಟ್ಟಾ ತರಲು ಪೇಟೆಗೆ ಹೋದ. ಕಾಯುತ್ತಾ ಕುಳಿತವಳ ಎದುರಿನ ಗೋಡೆಯಲ್ಲಿ ದೊಡ್ಡದೊಂದು ಬಣ್ಣದ ಚಿತ್ರ ತೂಗುಹಾಕಿತ್ತು. ಹೊಟ್ಟೆಯೊಳಗಿನ ಕೂಸು ತಿಂಗಳು ತಿಂಗಳಿಗೆ ಹೇಗಿರುತ್ತದೆಂಬ ಚಿತ್ರ. ಅವಳು ಅಂಥದ್ದನ್ನು ಕಂಡವಳೇ ಅಲ್ಲ. ಅವಳ ಕಣ್ಣು ಅದರಿಂದ ಕದಲದ್ದನ್ನು ನೋಡಿ, ಕೈ ತೊಳೆದುಕೊಂಡು ಬಂದ ಡಾಕ್ಟರಮ್ಮ ತಾವೇ ಬೆರಳಿಟ್ಟು ಹೇಳಿದರು.

"ಚೂಡಮ್ಮಾ, ಎರಡನೇ ತಿಂಗಳಿಗೆ ಇದು ಅವರೆಕಾಳಿನಷ್ಟು. ಆಗಲೇ ಗುಂಡಿಗೆ ಬಡ್ಕೊಳ್ತಾ ಇರುತ್ತೆ. ಮೂರಕ್ಕೆ ಬೆರಳು ಬಿಡಿಸ್ಕೊಳ್ತವೆ. ಐದಕ್ಕೆ ನಿನಗೆ ಒದಿಯೋದು ಗೊತ್ತಾಗುತ್ತೆ. ಆರು ಏಳಕ್ಕೆ ಕಿವಿ ಕೇಳುತ್ತೆ, ಕಣ್ಣು ತೆರೀತದೆ. ಆಮೇಲೆ ಮೈ ತುಂಬ್ಕೊಳ್ಳೋದು."

"ಒಳಗಿದ್ದಾಗ ಕಿವಿ ಕೇಳತೈತೇನ್ರಿ ಅಮ್ಮಾರೇ?"

"ಕೇಳುತ್ತೆ."

ಹಾಗಾದರೆ ಮಣ್ಣಿಗಿಟ್ಟ ಆ ಮೂರನೆಯದು ಗಿರಣಿಯ ಸದ್ದು ಕೇಳಿತ್ತು. ತನ್ನ ದನಿಯನ್ನೂ ಕೇಳಿತ್ತು. ಈ ಯೋಚನೆ ಬಂದದ್ದೇ ಚನ್ನವೀರಮ್ಮನಿಗೆ ಮುಂದಿನ ಮಾತು ಸ್ವಲ್ಪ ಹೊತ್ತು ತಲೆಗೆ ಇಳಿಯಲಿಲ್ಲ. ಡಾಕ್ಟರಮ್ಮ ಎರಡು ಸಲ ಹೇಳಬೇಕಾಯಿತು. ಅವಳ ರಕ್ತ ಒಂದು ಬಗೆಯದು, ಗಂಡನ ರಕ್ತ ಇನ್ನೊಂದು ಬಗೆಯದು. ಮಕ್ಕಳು ತಂದೆಯ ರಕ್ತವನ್ನೇ ಹೊತ್ತು ಬಂದಿವೆ.

"ಮೊದಲನೇ ಹೆರಿಗೆಯಲ್ಲಿ ಆ ಮಗುವಿನ ರಕ್ತ ಒಂದಿಷ್ಟು ನಿನ್ನ ಮೈಗೆ ಸೇರಿಬಿಡ್ತು. ನಿನ್ನ ಮೈ ಅದನ್ನ ವೈರಿ ಅಂದ್ಕೊಂಡು, ಅದಕ್ಕೆ ವಿಷ ತಯಾರು ಮಾಡಿ ಇಟ್ಕೊಂಡಿತು. ಆ ಮಗುಗೆ ಏನೂ ಆಗಲಿಲ್ಲ, ಅದು ಅಷ್ಟೊತ್ತಿಗೆ ಹೊರಗೆ ಬಂದಿತ್ತು. ಆಮೇಲೆ ಬಂದವುಗಳ ರಕ್ತಾನ ಆ ವಿಷ ಹೊಟ್ಟೆಯೊಳಗೇ ಒಡೀತಾ ಬಂದಿದೆ. ಅದಕ್ಕೇ ಕಾಮಾಲೆ, ಅದಕ್ಕೇ ಊತ."

"ನನ್ನ ಹೊಟ್ಟೀನ ಅವನ್ನ ಕೊಂದಿತೇನ್ರಿ?"

"ಹಾಗನ್ನಬಾರದಮ್ಮ. ನಿನಗೆ ಗೊತ್ತಿದ್ದು ಆದದ್ದಲ್ಲ."

"ಇದಕ್ಕ ಔಷಧ ಇಲ್ಲೇನ್ರಿ?"

ಒಂದು ಇಂಜೆಕ್ಷನ್ ಇತ್ತು. ಮೊದಲ ಹೆರಿಗೆಯಾದ ಮೂರು ದಿನದೊಳಗೆ ಕೊಟ್ಟರೆ ಮೈ ಆ ವಿಷವನ್ನು ತಯಾರಿಸುವುದೇ ಇಲ್ಲ. ಒಮ್ಮೆ ತಯಾರಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಈರಮ್ಮ ಹುಟ್ಟಿದಾಗ ಆ ಇಂಜೆಕ್ಷನ್ನಿನ ಹೆಸರು ಕೂಡ ಈ ಕಡೆಯವರಿಗೆ ತಿಳಿದಿರಲಿಲ್ಲ. ಈಗ ಉಳಿದದ್ದು ಒಂದೇ ದಾರಿ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿ, ಕೂಸಿನ ರಕ್ತ ಬದಲಾಯಿಸಿ ನೋಡುವುದು. ಅದಕ್ಕೂ ಕೂಸು ಅಲ್ಲಿಯವರೆಗೆ ಬದುಕಿರಬೇಕು.

ಬಸ್ಸಿನಲ್ಲಿ ಕೊಟ್ರಬಸಪ್ಪ ಪಟ್ಟಾದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. "ಏನಂದ್ರು?"

ಚನ್ನವೀರಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಅತ್ತೆ ಬೆನ್ನ ಸುಳಿ ಹುಡುಕಿದ್ದು ಅವಳಿಗೆ ಮರೆತಿರಲಿಲ್ಲ. ಮೊದಲ ಕೂಸಿನ ರಕ್ತದಿಂದ ಉಳಿದವು ಹೋದವು ಎಂಬ ಮಾತು ಆ ಮನೆಯೊಳಗೆ ಕಾಲಿಟ್ಟರೆ ಏನಾಗುತ್ತದೆಂದು ಅವಳಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ.

"ನನ್ನ ರಕ್ತ ಸರಿ ಇಲ್ಲಂತ," ಎಂದಳು.

"ಟಾನಿಕ್ ಕೊಟ್ಟಾರೇನು?"

"ಕೊಟ್ಟಾರ."

ಆ ಬೇಸಿಗೆಯೆಲ್ಲ ಅವಳು ಗೋಡೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಓಡಾಡಿದಳು. ಈಗ ಕಿವಿ ಬಂದಿರಬಹುದು, ಈಗ ರೆಪ್ಪೆ ಬಿಟ್ಟಿರಬಹುದು. ಒಂದು ದಿನ ಗಂಡನಿಗೆ, "ಗಿರಣಿ ಸ್ವಲ್ಪ ಮೆಲ್ಲಕ ಓಡಿಸ್ರಿ," ಎಂದಳು.

"ಗಿರಣಿ ಮೆಲ್ಲಕ ಓಡತೈತೇನ?" ಎಂದು ಅವನು ಜೋರಾಗಿ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

ಏಳನೆಯ ತಿಂಗಳು ಮುಗಿಯುವ ಮುಂಚೆಯೇ ಅದೂ ಸುಮ್ಮನಾಯಿತು. ಬಳ್ಳಾರಿಯಲ್ಲೇ ಹೆರಿಗೆ ಮಾಡಿಸಿದ ಡಾಕ್ಟರಮ್ಮ, ಇನ್ನು ಹೀಗೇ ಆದರೆ ತಾಯಿಯ ಜೀವವೂ ಉಳಿಯುವುದಿಲ್ಲವೆಂದು ಕೊಟ್ರಬಸಪ್ಪನನ್ನು ಒಪ್ಪಿಸಿ ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು. ಊರಿಗೆ ಬಂದಾಗ ಗುರುಬಸಮ್ಮ ಬಾಗಿಲಲ್ಲೇ ಕುಸಿದು ಕುಳಿತಳು. "ಗಂಡುಕೂಸು ಇಲ್ಲದ ಮನಿ ಬಾಗಿಲಾ ಹಾಕಿಸಿಕೊಂಡು ಬಂದ್ಯಲ್ಲೋ," ಎಂದು ಮಗನಿಗೆ ಹೇಳಿ ಹೇಳಿ ಅತ್ತಳು. ಅವಳ ಅಳು ಸುಳ್ಳಾಗಿರಲಿಲ್ಲ. ಸತ್ತ ಕೂಸುಗಳನ್ನು ಅವಳೂ ಎತ್ತಿ ಎರೆದವಳೇ.

ವರ್ಷವೊಂದು ಕಳೆಯಿತು. ಎರಡನೆಯ ಸಂಬಂಧದ ಮಾತು ಮನೆಯಲ್ಲಿ ಮೊದಮೊದಲು ಅಡುಗೆಮನೆಯ ಆಚೆ, ಆಮೇಲೆ ಚನ್ನವೀರಮ್ಮನ ಎದುರೇ ನಡೆಯಿತು. ಅವಳು ಬೇಡವೆನ್ನಲಿಲ್ಲ. ಆದರೆ ಗುರುಬಸಮ್ಮ ಕಣ್ಣಿಟ್ಟದ್ದು ಕುರುಗೋಡಿನ ವೀರಭದ್ರಮ್ಮನ ಮೇಲೆ. ಮರಿಬಸಪ್ಪನಿಗೂ ಅದೇ ಸರಿ ಕಂಡಿತು.

"ಬ್ಯಾರೆ ಮನಿ ಹೆಣ್ಣು ಬಂದ್ರ ನಿನ್ನ ಗತಿ ಏನವ್ವ?" ಎಂದ ಅವನು ಮಗಳ ಮನೆಗೆ ಬಂದು. "ತಂಗಿ ಆದ್ರ ನಿನಗ ಒಂದು ತುತ್ತು ತಪ್ಪಂಗಿಲ್ಲ."

ಒಡಹುಟ್ಟಿದವರ ರಕ್ತ ಒಂದೇ ಬಗೆಯದು ಇರಬಹುದೆಂದು ಚನ್ನವೀರಮ್ಮನಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಅಪ್ಪನಿಗೆ ಏನೋ ನೆಪ ಹೇಳಿ ತಂಗಿಯನ್ನು ಗಾಂಧಿನಗರಕ್ಕೆ ಕರೆದೊಯ್ದಳು. ಡಾಕ್ಟರಮ್ಮ ರಕ್ತ ನೋಡಿಸಿದರು. ಅಕ್ಕನದು ಯಾವುದೋ ತಂಗಿಯದೂ ಅದೇ. ಈ ಹುಡುಗಿಯನ್ನು ಅದೇ ಮನೆಗೆ ಕೊಡುತ್ತಾರೆಂದು ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊಡಲೇಬೇಕಾದರೆ ಮೊದಲ ಹೆರಿಗೆ ಬಳ್ಳಾರಿಯಲ್ಲೇ ಆಗಲಿ, ಇಂಜೆಕ್ಷನ್ ಮದ್ರಾಸಿನಿಂದ ತರಿಸಿ ಇಡುತ್ತೇನೆ ಎಂದರು.

ಆ ಸಲ ಚನ್ನವೀರಮ್ಮ ಮುಚ್ಚಿಡಲಿಲ್ಲ. ಅಪ್ಪ, ಅತ್ತೆ, ಗಂಡ ಮೂವರೂ ಪಡಸಾಲೆಯಲ್ಲಿ ಕುಳಿತಿದ್ದಾಗ ಮಧ್ಯೆ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ತಂಗಿಯ ಬದುಕು ಹಾಳಾಗಬಾರದೆಂಬುದಷ್ಟೇ ಆಗ ಅವಳ ಮನಸ್ಸಿನಲ್ಲಿತ್ತು. ಹೇಳಿ ಮುಗಿಸಿದ ಮೇಲೆ ಗುರುಬಸಮ್ಮ ನಿಧಾನವಾಗಿ ಕೇಳಿದಳು.

"ಅಂದ್ರ ಮೊದಲ ಹುಟ್ಟಿದ ಕೂಸಿನ ರಕ್ತದಿಂದನ ಉಳಿದವು ಹೋದವು ಅಂತ ಡಾಕ್ಟ್ರೇ ಹೇಳ್ಯಾರ?"

"ಹಂಗಲ್ಲ ಅತ್ತಿ. ಕೂಸಿಂದೇನು ತಪ್ಪು? ನನ್ನ ಮೈ..."

"ನಾ ಅವತ್ತ ಅಂದಿದ್ನಿಲ್ಲ?" ಗುರುಬಸಮ್ಮ ಮಗನ ಕಡೆ ತಿರುಗಿದಳು. "ಸುಳಿ ಬೆನ್ನ ಮ್ಯಾಗ ಇರಲಿಲ್ಲ, ರಕ್ತದಾಗ ಇತ್ತು."

ಕಂಬದ ಹಿಂದೆ ಎಂಟು ವರ್ಷದ ಈರಮ್ಮ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಂದು ಅವಳು ಉಣ್ಣಲಿಲ್ಲ.

ಮದುವೆಯೇನೂ ನಿಲ್ಲಲಿಲ್ಲ. ಒಂದು ಸೂಜಿ ಚುಚ್ಚಿಸಿದರೆ ಸರಿಹೋಗುವ ಮಾತಿಗೆ ಇಷ್ಟು ರಂಪವೇಕೆ ಎಂದ ಮರಿಬಸಪ್ಪ. ತಂಗಿ ಬಂದರೆ ಯಜಮಾನಿಕೆ ಹೋಗುತ್ತದೆಂದು ಅಕ್ಕನಿಗೆ ಹೊಟ್ಟೆಕಿಚ್ಚು ಎಂದಿತು ಓಣಿ. ಮದುವೆಯ ದಿನ ವೀರಭದ್ರಮ್ಮ ಅಕ್ಕನ ಕಾಲಿಗೆ ಬಿದ್ದು, "ನಾ ಬರಬಾರದಿತ್ತೇನಕ್ಕ?" ಎಂದಳು. "ಬಂದ್ಯಲ್ಲ, ಇನ್ನ ನಾ ನೋಡ್ಕೋತೀನಿ," ಎಂದಳು ಚನ್ನವೀರಮ್ಮ.

ಎಪ್ಪತ್ತೆಂಟರಲ್ಲಿ ವೀರಭದ್ರಮ್ಮ ಚೊಚ್ಚಲ ಬಸುರಿಯಾಗಿ ತವರಿಗೆ ಹೋದಳು. ನೋವು ಕಾಣುವ ಮೊದಲೇ ಬಳ್ಳಾರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಚನ್ನವೀರಮ್ಮ ಬಟ್ಟೆಗಂಟು ಕಟ್ಟಿಟ್ಟುಕೊಂಡು ಸಿರುಗುಪ್ಪದಲ್ಲಿ ಕಾದಳು. ಆದರೆ ನೋವು ಬೇಗ ಬಂತು. ಕುರುಗೋಡಿನಲ್ಲೇ ಸುಸೂತ್ರವಾಗಿ ಗಂಡುಮಗು ಹುಟ್ಟಿತು. ಸುದ್ದಿ ತಿಳಿದ ಗುರುಬಸಮ್ಮ, ಮಗನನ್ನು ಕರೆದುಕೊಂಡು ಬೇರೆ ಊರಿಗೆಂದು ಹೇಳಿ ಹೋಗಿ ಮೊಮ್ಮಗನನ್ನು ನೋಡಿ ಬಂದಳು. ಚನ್ನವೀರಮ್ಮನಿಗೆ ಹೇಳಬಾರದೆಂದು ಅವಳದೇ ಕಟ್ಟಪ್ಪಣೆ. ಸಾಲುಸಾಲು ಕೂಸು ಕಳಕೊಂಡವಳ ನೆರಳು ಎಳೆಗೂಸಿನ ಮೇಲೆ ಬೀಳಬಾರದು.

ಐದನೆಯ ದಿನ, ಹಿಟ್ಟು ಬೀಸಿಸಲು ಬಂದ ನೆರೆಯ ಸುಂಕಮ್ಮ, "ನಿಮ್ಮ ತಂಗಿಗೆ ಗಂಡಾತಂತಲ್ಲ, ಸಕ್ಕರಿ ಎಲ್ಲಿ?" ಎಂದು ಕೇಳಿದಾಗ ಚನ್ನವೀರಮ್ಮನಿಗೆ ಗೊತ್ತಾಯಿತು.

ಅವಳು ಯಾರಿಗೂ ಹೇಳದೆ ಬಳ್ಳಾರಿಯ ಬಸ್ಸು ಹತ್ತಿದಳು. ಡಾಕ್ಟರಮ್ಮ ತಣ್ಣನೆಯ ಪೆಟ್ಟಿಗೆಯಿಂದ ಆ ಸಣ್ಣ ಶೀಷೆಯನ್ನು ತೆಗೆದು ತೋರಿಸಿದರು. "ಹೊತ್ತು ಮೀರಿದೆ. ಆದರೂ ಇವತ್ತೇ ಕರ್ಕೊಂಡು ಬಾ, ಕೊಟ್ಟು ನೋಡೋಣ. ಭರವಸೆ ಹೇಳಲಾರೆ." ಅಲ್ಲಿಂದ ಕುರುಗೋಡಿಗೆ ಹೋದರೆ, ಹಸಿ ಬಾಣಂತಿಯನ್ನು ಹೊಸ್ತಿಲು ದಾಟಿಸುವುದಿಲ್ಲವೆಂದು ಅಜ್ಜಿ ಬಾಗಿಲಿಗೆ ಅಡ್ಡ ಕುಳಿತಳು. ಮರಿಬಸಪ್ಪ ತೊಟ್ಟಿಲ ಕಡೆ ಕೈ ಮಾಡಿ ತೋರಿಸಿದ. "ಕೂಸು ಗುಂಡುಕಲ್ಲಿನಂಗ ಐತಿ. ತಾಯಿ ಎದ್ದು ಕುಂತಾಳ. ಇನ್ಯಾರಿಗೆ ಸೂಜಿ?"

"ಈ ಕೂಸಿಗಲ್ಲಪ್ಪಾ. ಮುಂದ ಬರೋದಕ್ಕ."

"ಮುಂದಿಂದು ಮುಂದ ನೋಡಿದ್ರಾತು."

ಒಳಕೋಣೆಯಿಂದ ವೀರಭದ್ರಮ್ಮ, "ಅಕ್ಕಾ, ಒಳಗ ಬಾ," ಎಂದು ಕರೆಯುತ್ತಿದ್ದಳು. ಚನ್ನವೀರಮ್ಮನನ್ನು ಒಳಗೆ ಬಿಡಲಿಲ್ಲ.

ಮರುವರ್ಷ ವೀರಭದ್ರಮ್ಮ ಮತ್ತೆ ಬಸುರಾದಳು. ಚನ್ನವೀರಮ್ಮ ಗಂಡನ ಕಾಲು ಹಿಡಿದು ಅವಳನ್ನು ಬಳ್ಳಾರಿಗೆ ಕರೆದೊಯ್ದಳು. ರಕ್ತದಲ್ಲಿ ವಿಷ ಕಾಣಿಸಿಕೊಂಡಿತ್ತು, ಏರುತ್ತಲೂ ಇತ್ತು. ಫೆಬ್ರವರಿ ನಡುವಿನಲ್ಲಿ ಬಂದು ದಾಖಲಾದರೆ ಬೇಗ ಹೆರಿಗೆ ಮಾಡಿಸಿ ಕೂಸಿನ ರಕ್ತ ಬದಲಾಯಿಸೋಣ, ಒಂದು ದಿನವೂ ತಡಮಾಡಬೇಡಿ ಎಂದರು ಡಾಕ್ಟರಮ್ಮ. ಆದರೆ ಆ ಫೆಬ್ರವರಿ ನಡುವಿಗೇ ಖಗ್ರಾಸ ಗ್ರಹಣವಿತ್ತು. ಎಂಬತ್ತರ ಆ ಗ್ರಹಣದ ಭಯ ಊರೂರಿಗೇ ಹಬ್ಬಿತ್ತು. ಲಿಂಗ ಕಟ್ಟಿದವರಿಗೆ ಗ್ರಹಣದ ಸೂತಕವಿಲ್ಲವೆಂದು ಅಯ್ಯನವರು ಹೇಳಿದರೂ ಗುರುಬಸಮ್ಮ ಕೇಳಲಿಲ್ಲ. ಗ್ರಹಣ ಕಳೆಯುವವರೆಗೆ ಬಸುರಿ ಊರು ಬಿಡಕೂಡದೆಂದು ಹಟ ಹಿಡಿದಳು. ಕೊಟ್ರಬಸಪ್ಪ ಚನ್ನವೀರಮ್ಮನ ಮುಖ ನೋಡಿದ, ತಾಯಿಯ ಮುಖ ನೋಡಿದ. "ವಾರ ತಡೀರಿ, ಏನಾಗತೈತಿ," ಎಂದ.

ಗ್ರಹಣದ ದಿನ ಗಿರಣಿ ನಿಂತಿತ್ತು. ಕೋಣೆಯ ಕಿಟಕಿಗೆ ಗೋಣಿತಟ್ಟು ಬಿಗಿದರು, ಬಾಗಿಲ ಸಂದಿಗೆ ಸೆಗಣಿ ಮೆತ್ತಿದರು. ವೀರಭದ್ರಮ್ಮ ಮೈ ಕೆರೆದುಕೊಳ್ಳದೆ, ಮಗ್ಗುಲು ಬದಲಿಸದೆ ಮಲಗಿರಬೇಕು. ಅಕ್ಕ ಜೊತೆಗಿಲ್ಲದಿದ್ದರೆ ಒಳಗೆ ಹೋಗುವುದೇ ಇಲ್ಲವೆಂದು ಅವಳು ಹಟ ಮಾಡಿದ್ದರಿಂದ ಚನ್ನವೀರಮ್ಮನನ್ನೂ ಒಳಗೆ ಬಿಟ್ಟಿದ್ದರು. ಮಧ್ಯಾಹ್ನ ಇಳಿಯುತ್ತಿದ್ದಂತೆ ಹೊರಗೆ ಕಾಗೆಗಳು ಒಮ್ಮೆಲೇ ಕೂಗಿ ಸುಮ್ಮನಾದವು. ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ಅತ್ತೆ ಹೊರಗೆ ಕುಳಿತು ಶಿವನಾಮ ಹೇಳುತ್ತಿದ್ದಳು. ಕಾವಲು ಗಟ್ಟಿಯಾಗಿತ್ತು. ಆಕಾಶದಿಂದ ಯಾವ ಕೇಡೂ ಆ ಕೋಣೆಗೆ ಬರುವಂತಿರಲಿಲ್ಲ.

"ಅಕ್ಕಾ, ನಿನ್ನೆಯಿಂದ ಮೆತ್ತಗಾಗೇತಿ. ಕೈ ಇಟ್ಟು ನೋಡು."

ಚನ್ನವೀರಮ್ಮ ತಂಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು. ಒಳಗೆ ಎಲ್ಲೋ ಒಂದು ಸಲ, ನಿದ್ದೆಯಲ್ಲಿದ್ದವರು ಕಾಲು ಎಳೆದುಕೊಂಡಂತೆ, ಏನೋ ಜರುಗಿತು. ಮತ್ತೆ ಏನೂ ಇಲ್ಲ.

"ಒದೀತೈತೇನಕ್ಕ?"

"ಒದೀತೈತಿ," ಎಂದಳು. ಕತ್ತಲಲ್ಲಿ ತಂಗಿ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡಳು.

ಎರಡು ದಿನದ ಮೇಲೆ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮ ಹೊಟ್ಟೆಯ ಮೇಲೆ ನಳಿಗೆಯಿಟ್ಟು ಅಲ್ಲಿ ಇಲ್ಲಿ ಆಲಿಸಿದರು. ಕಿವಿಯಿಂದ ತೆಗೆದು, ಚನ್ನವೀರಮ್ಮನನ್ನು ನೋಡಿದರು. ಬೈಯಲೂ ಇಲ್ಲ. ಊರಿನಲ್ಲಿ ಗುರುಬಸಮ್ಮ ಗೋಣಿತಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು, ಮೂಲೆಯಲ್ಲಿ ಇಲಿ ಕಡಿದ ಒಂದು ತೂತನ್ನು ಕಂಡುಹಿಡಿದಳು. ಗ್ರಹಣದ ಬೆಳಕು ಅಲ್ಲಿಂದ ಬಂದಿತ್ತು ಎಂದು ಕೊನೆಯವರೆಗೂ ನಂಬಿದಳು.

ನರ್ಸಿಂಗ್ ಹೋಮಿನ ಮಂಚದ ಮೇಲೆ ವೀರಭದ್ರಮ್ಮ ಗೋಡೆಯ ಕಡೆ ಮುಖ ಮಾಡಿ, "ನೀ ಹೇಳಿದ್ದಿ ಅಕ್ಕ," ಎಂದಳು.

"ಹೇಳಿದ್ನವ್ವ. ಹೇಳಿ ಏನ್ ಮಾಡಿದೆ?"

ವೀರಭದ್ರಮ್ಮನಿಗೆ ಮೊದಲ ಮಗನೊಬ್ಬನೇ ಉಳಿದ. ಗಂಡು ಒಂದಿದೆಯಲ್ಲ, ಸಾಕು ಎಂದು ಅವಳಿಗೂ ಆಪರೇಷನ್ ಆಯಿತು. ಮನೆಯಲ್ಲಿ ಗಂಡುಕೂಸು ಬೆಳೆಯಿತು, ಗುರುಬಸಮ್ಮ ಅದನ್ನು ಸೊಂಟದಿಂದ ಇಳಿಸಲಿಲ್ಲ. ಈರಮ್ಮ ಆ ಕೂಸನ್ನು ಮುಟ್ಟುವಂತಿರಲಿಲ್ಲ. ಅವಳೂ ಮುಟ್ಟಲು ಹೋಗುತ್ತಿರಲಿಲ್ಲ. ಸಾಲೆ ಬಿಟ್ಟು ಗಿರಣಿಯಲ್ಲಿ ಅಪ್ಪನ ಜೊತೆ ನಿಲ್ಲತೊಡಗಿದಳು. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿದ್ದಾಗ, ಬುತ್ತಿ ತಂದ ತಾಯಿಯನ್ನು ಕೇಳಿದಳು.

"ಅವ್ವಾ, ನಾ ಹುಟ್ಟಲಿಲ್ಲಂದ್ರ ಅವು ಉಳೀತಿದ್ದವೇನು?"

ಚನ್ನವೀರಮ್ಮ ಇದಕ್ಕೆ ಉತ್ತರವನ್ನು ಎಷ್ಟೋ ವರ್ಷ ಹುಡುಕಿದ್ದಳು. "ಯಾರು ಮೊದಲ ಬರತಿದ್ರೋ ಅವರು ಉಳೀತಿದ್ರು. ಆಮ್ಯಾಗ ಬಂದವರು ಹೋಗತಿದ್ರು. ನೀ ಮೊದಲ ಬಂದಿ, ಅಷ್ಟ."

"ಅಂದ್ರ ತಮ್ಮ ಮೊದಲ ಬಂದಿದ್ರ ಅವನು ಉಳೀತಿದ್ದ."

ಚನ್ನವೀರಮ್ಮ ಬುತ್ತಿಯನ್ನು ಅವಳ ಮುಂದೆ ಸರಿಸಿದಳು. ಮಗಳು ಬುತ್ತಿ ಬಿಚ್ಚದೆ ಹಾಗೇ ಕುಳಿತಿದ್ದಳು.

ಎಂಬತ್ನಾಲ್ಕರಲ್ಲಿ ರೂಪನಗುಡಿಯಿಂದ ಈರಮ್ಮನಿಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಹುಡುಗಿ ನೋಡಿ ಒಪ್ಪಿಕೊಂಡೂ ಹೋದ. ಚನ್ನವೀರಮ್ಮ ಬಳ್ಳಾರಿಗೆ ಹೋಗಿ ಮಗಳ ರಕ್ತ ನೋಡಿಸಿಕೊಂಡು ಬಂದಳು. ತನ್ನಂಥದ್ದಲ್ಲ, ತಂದೆಯ ರಕ್ತ, ಭಯವಿಲ್ಲ. ಆ ಒಂದು ಸುದ್ದಿಗೆ ಅವಳು ಬಹಳ ವರ್ಷದ ಮೇಲೆ ನಕ್ಕಿದ್ದಳು. ಆದರೆ ರೂಪನಗುಡಿಯವರಿಗೆ ಅಷ್ಟರಲ್ಲಿ ಬೇರೆ ಮಾತು ತಲುಪಿತ್ತು. ಹುಡುಗಿ ಬೆನ್ನಿಗೆ ಬಂದವರನ್ನೆಲ್ಲ ತಿಂದವಳು, ಬಳ್ಳಾರಿಯ ಡಾಕ್ಟರೇ ಹೇಳಿದ್ದಾರಂತೆ ಎಂದು. ಅವರು ಮತ್ತೆ ಬರಲಿಲ್ಲ.

ಆಮೇಲೆ ಇನ್ನೆರಡು ಸಂಬಂಧಗಳು ಬಂದು ಅದೇ ಮಾತಿಗೆ ಹಿಂದೆ ಹೋದವು. ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಈರಮ್ಮ ಬೆಳಗಾದರೆ ಗಿರಣಿಗೆ ಹೋಗಿ ಪಟ್ಟಾ ಹಾಕುತ್ತಾಳೆ, ಹಿಟ್ಟಿನಲ್ಲಿ ಹುಬ್ಬೆಲ್ಲ ಬೆಳ್ಳಗಾಗಿ ಸಂಜೆ ಮನೆಗೆ ಬರುತ್ತಾಳೆ. ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾರೆ. ಗೋಡೆ ಅದುರುತ್ತಿರುವಷ್ಟು ಹೊತ್ತು ಯಾರೂ ಮಾತಾಡಬೇಕಾಗಿಲ್ಲ.